ಮ್ಯಾಚಿಗೆ ಹೊರಟಾಗ ಬಿಚ್ಚಿಟ್ಟ ಲಿಂಗ

ಪಕ್ಕದ ಮನೆಯ ಈರಯ್ಯ ಅಂಕಲ್ ತಮ್ಮ ಇಷ್ಟಲಿಂಗವನ್ನು ಮೈಮೇಲಿಂದ ತೆಗೆಯುತ್ತಿದ್ದುದು ಚಾರ್ಜರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ಟೀಮಿನ ಮ್ಯಾಚಿದ್ದ ದಿನ ಮಾತ್ರ. ಹುಟ್ಟಿದಾಗ ಅವರ ತಾಯಿ ತೊಟ್ಟಿಲಲ್ಲೇ ಕಟ್ಟಿಸಿದ ಲಿಂಗ ಅದು. ಬೆಳ್ಳಿಯ ಕರಡಿಗೆಯೊಳಗೆ ಸದಾ ಎದೆಯ ಮೇಲಿರುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಒಂದು ತುತ್ತನ್ನೂ ಬಾಯಿಗಿಡುತ್ತಿರಲಿಲ್ಲ. ಕೊನೆಗೊಂದು ದಿನ ಅದೇ ಲಿಂಗವನ್ನು ಎಡಗೈಯಲ್ಲಿಟ್ಟು ತಮ್ಮನ್ನು ಮಣ್ಣು ಮಾಡಬೇಕು ಎಂಬುದೊಂದೇ ಅವರು ನಮ್ಮ ಹತ್ತಿರ ಹೇಳಿಟ್ಟಿದ್ದ ಆಸೆ.

ಅಂಥದ್ದನ್ನು ಫುಟ್‌ಬಾಲಿಗಾಗಿ ಬಿಚ್ಚಿಡುವ ಪದ್ಧತಿ ಹಾಕಿಕೊಟ್ಟವರು ಅವರ ಹೆಂಡತಿ ಪ್ರೇಮವ್ವ ಆಂಟಿ. ಒಮ್ಮೆ ಸ್ಟೇಡಿಯಂನಲ್ಲಿ ಹಿಂದಿನ ಸಾಲಿನವನೊಬ್ಬ ಟಚ್‌ಡೌನ್ ಆಗಿ ಅಂಕ ಬಂದ ಖುಷಿಗೆ ಎದ್ದು ಕುಣಿದು, ಕೈಯಲ್ಲಿದ್ದ ಬಿಯರನ್ನೆಲ್ಲ ಅಂಕಲ್ ಎದೆಗೆ ಚೆಲ್ಲಿದ್ದ. ಮನೆಗೆ ಬಂದವರೇ ಆಂಟಿ, "ಆ ಟೀಮಿನ ಸಲುವಾಗಿ ನಿಮ್ಮ ಮರ್ಯಾದಿ ಹೋದ್ರ ಹೋಗ್ಲಿ, ಲಿಂಗದ್ದು ಹೋಗೂದು ಬ್ಯಾಡ" ಅಂದರಂತೆ. ಅಂದಿನಿಂದ ಮ್ಯಾಚಿನ ದಿನ ಬೆಳಿಗ್ಗೆ ಪೂಜೆ, ಊಟ. ಆಮೇಲೆ ಕರಡಿಗೆ ದೇವರ ಗೂಡಿಗೆ, ಬಾಗಿಲ ಹಿಂದೆ ತೂಗುಹಾಕಿದ್ದ ನೀಲಿ ಚೀಲ ಹೆಗಲಿಗೆ. ಆ ಚೀಲದಲ್ಲಿ ಎರಡು ದಿಂಬು, ದುರ್ಬೀನು, ಪುಟ್ಟ ರೇಡಿಯೊ, ಆಂಟಿಗೆ ಚಹಾದ ಥರ್ಮಾಸು. ಹಿಂದಿರುಗಿ ಸ್ನಾನ ಮಾಡಿ ಮತ್ತೆ ಕರಡಿಗೆ ಧರಿಸುವ ತನಕ ಅಂಕಲ್ ಏನೂ ತಿನ್ನುವಂತಿರಲಿಲ್ಲ, ಕುಡಿಯುವಂತಿರಲಿಲ್ಲ.

ನಾವು ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊಗೆ ಬಂದದ್ದು ಎರಡು ಸಾವಿರದ ಒಂದರಲ್ಲಿ. ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಆಂಟಿ ಜೋಳದ ರೊಟ್ಟಿ ತಂದರು, ಹಿಂದೆಯೇ ಅಂಕಲ್ ಬಂದರು. ಎಲ್ಲಿಯವರು, ಏನು ಕೆಲಸ ಎಂದು ಯಾರೂ ಕೇಳುವ ಮೊದಲೇ ಟೀಮಿನ ಕಥೆ ಶುರುವಾಯಿತು.

"ನೀವು ಛಲೋ ವರ್ಷ ಬಂದೀರಿ. ಹ್ವಾದ ವರ್ಷ ಹದಿನಾರು ಆಡಿ ಒಂದs ಗೆದ್ದಾರ. ಇನ್ನ ಅದಕ್ಕಿಂತ ಕೆಳಗ ಹೋಗಾಕ ಜಾಗಾ ಇಲ್ಲ."

"ಮತ್ತೆ ಯಾಕೆ ನೋಡ್ತೀರಾ ಅಂಕಲ್?" ಎಂದರು ನನ್ನ ಯಜಮಾನರು ಓಂಪ್ರಕಾಶ್.

"ನಾನೂ ಅವರೂ ಒಂದs ವರ್ಷದಾಗ ಬಂದವರಪಾ. ಬಿಟ್ಟು ಹೆಂಗಿರೂದು?"

ಆ ಮಾತು ನಿಜ. ಸಾವಿರದ ಒಂಬೈನೂರ ಅರವತ್ತರಲ್ಲಿ ಅಂಕಲ್ ಬಾಗಲಕೋಟೆಯ ಕಡೆಯಿಂದ ಲಾಸ್ ಏಂಜಲಿಸ್‌ಗೆ ಓದಲು ಬಂದರು. ಅದೇ ವರ್ಷ ಚಾರ್ಜರ್ಸ್ ಆ ಊರಿನಲ್ಲೇ ಹುಟ್ಟಿತು. ಅಷ್ಟು ದೊಡ್ಡ ಕೊಲಿಸಿಯಂ ಸ್ಟೇಡಿಯಂನಲ್ಲಿ ಜನವೇ ಇರುತ್ತಿರಲಿಲ್ಲ. ಒಬ್ಬಂಟಿಯಾಗಿದ್ದ ಹುಡುಗನಿಗೆ ಆ ಖಾಲಿ ಸಾಲುಗಳೇ ಹಿಡಿಸಿದವು. "ನನಗೂ ಯಾರೂ ಇರಲಿಲ್ಲ, ಅವರಿಗೂ ಯಾರೂ ಇರಲಿಲ್ಲ" ಎನ್ನುತ್ತಿದ್ದರು. ಮರುವರ್ಷ ಟೀಮು ಸ್ಯಾನ್ ಡಿಯಾಗೊಗೆ ಗಂಟುಮೂಟೆ ಕಟ್ಟಿತು. ಓದು ಮುಗಿಸಿ ಇವರೂ ಅಲ್ಲೇ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಅರವತ್ತಮೂರರ ಸೀಸನ್ನಿನಲ್ಲಿ ಚಾಂಪಿಯನ್ ಆದದ್ದು, ಮಿಷನ್ ವ್ಯಾಲಿಯಲ್ಲಿ ಹೊಸ ಸ್ಟೇಡಿಯಂ ಎದ್ದದ್ದು, ತೊಂಬತ್ತೈದರ ಜನವರಿಯಲ್ಲಿ ಸೂಪರ್ ಬೌಲ್ ಎಂಬ ಫೈನಲ್ ತನಕ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ಕೈಯಲ್ಲಿ ಏಟು ತಿಂದದ್ದು, ಎಲ್ಲವನ್ನೂ ಮನೆಯ ಮದುವೆ ಮುಂಜಿಗಳ ಹಾಗೆ ಹೇಳುತ್ತಿದ್ದರು. ಮಕ್ಕಳಿರಲಿಲ್ಲ. ಸ್ಟೇಡಿಯಂನಲ್ಲಿ ಎರಡು ಕಾಯಂ ಸೀಟುಗಳಿದ್ದವು.

ಎರಡು ಸಾವಿರದ ಮೂರರಲ್ಲಿ ಆಂಟಿ ಹೋಗಿಬಿಟ್ಟರು. ಇಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮುಚ್ಚಿದವರು ಅಂಕಲ್ಲೇ. ಎರಡನೆಯ ಸೀಟನ್ನು ಅವರು ಬಿಡಲಿಲ್ಲ. ನನ್ನ ಮಗಳು ಸ್ಪಂದನಾ ಸ್ವಲ್ಪ ದೊಡ್ಡವಳಾದ ಮೇಲೆ ಅವಳನ್ನು ಕರೆದೊಯ್ಯತೊಡಗಿದರು. ಅವರು ಕನ್ನಡದಲ್ಲಿ ಹೇಳುವುದು, ಇವಳು ಇಂಗ್ಲಿಷಿನಲ್ಲಿ ಕೇಳುವುದು.

ಟೀಮು ಚೇತರಿಸಿಕೊಂಡಂತೆಲ್ಲ ಅವರಿಗೆ ಬೇರೆ ಚಿಂತೆ ಹತ್ತಿತು. ಹೊಸ ಸ್ಟೇಡಿಯಂ ಕಟ್ಟಿಕೊಡದಿದ್ದರೆ ಟೀಮು ಲಾಸ್ ಏಂಜಲಿಸ್‌ಗೆ ವಾಪಸು ಹೋಗುತ್ತದೆ ಎಂಬ ಮಾತು ವರ್ಷವರ್ಷವೂ ಏಳುತ್ತಿತ್ತು. "ಅಲ್ಲಿ ಯಾರ ಅದಾರ ಅವರಿಗೆ? ಹೋಗಂಗಿಲ್ಲ ತಗೋ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎರಡು ಸಾವಿರದ ಏಳರ ಜನವರಿಯಲ್ಲಿ, ವರ್ಷವೆಲ್ಲ ಗೆದ್ದು ಬಂದ ಟೀಮು ಸ್ವಂತ ಅಂಗಳದಲ್ಲೇ ನ್ಯೂ ಇಂಗ್ಲೆಂಡ್ ಟೀಮಿನ ಎದುರು ಸೋತಿತು. ಆ ದಿನ ಅವರು ಮನೆಗೆ ಬಂದು ಕರಡಿಗೆ ಧರಿಸಿದರೂ ಊಟ ಮಾಡಲಿಲ್ಲ. ನಾನು ತಂದಿಟ್ಟ ಮೊಸರನ್ನ ಹಾಗೇ ಇತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಕಿ ಬಂತು. ಅದೊಂದು ಸೋಮವಾರ, ಇನ್ನೂ ಬೆಳಕಾಗಿರಲಿಲ್ಲ. ಫೋನು ಬಡಿದುಕೊಂಡಿತು: ಮನೆ ಬಿಡಿ. ಕಿಟಕಿಯಾಚೆ ಗುಡ್ಡದ ಅಂಚು ಕೆಂಪಗಿತ್ತು. ಗಾಳಿ ಬೂದಿಯನ್ನು ಅಂಗಳಕ್ಕೆ ತಂದು ಸುರಿಯುತ್ತಿತ್ತು. ಓಂಪ್ರಕಾಶ್ ವಾರವೆಲ್ಲ ಲಾಸ್ ಏಂಜಲಿಸ್ ಕಡೆಯ ಸ್ಯಾನ್ ಪೀಡ್ರೊ ಬಂದರಿನ ಕೆಲಸದಲ್ಲಿರುತ್ತಿದ್ದರು, ಮನೆಯಲ್ಲಿ ನಾನೂ ಮಗಳೂ ಅಷ್ಟೇ. ಪಾಸ್‌ಪೋರ್ಟು, ಔಷಧಿ, ನೀರು, ಅವಳ ಸ್ವೆಟರು ಕಾರಿಗೆ ಹಾಕಿ ಅಂಕಲ್ ಬಾಗಿಲು ತಟ್ಟಿದೆ. ಎದ್ದೇ ಇದ್ದರು.

"ಅಂಕಲ್, ಬೇಗ ಬನ್ನಿ. ಎಲ್ಲರೂ ಸ್ಟೇಡಿಯಂಗೆ ಹೋಗಿ ಅಂತಿದ್ದಾರೆ."

"ಸ್ಟೇಡಿಯಂಗೆ? ಬಂದೆ ತಡಿಯವಾ."

ಬಂದಾಗ ಹೆಗಲಲ್ಲಿ ನೀಲಿ ಚೀಲವಿತ್ತು, ತಲೆಯ ಮೇಲೆ ಟೀಮಿನ ಟೋಪಿ. ಮಾತ್ರೆಯ ಡಬ್ಬಿಯನ್ನೂ ಮರೆತಿರಲಿಲ್ಲ. ಸ್ಟೇಡಿಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಕೈ ತಾನಾಗಿ ಕೊರಳಿನ ಕರಡಿಗೆಯನ್ನು ಬಿಚ್ಚಿ ಗೂಡಿನಲ್ಲಿಟ್ಟಿತ್ತು; ಅದು ನನಗೆ ತಿಳಿದದ್ದು ಆಮೇಲೆ. ಫ್ರೀವೇ ಹತ್ತಿ, ಮುಂದಿನ ಕಾರುಗಳ ಕೆಂಪು ದೀಪಗಳ ಹಿಂದೆ ನಿಂತಾಗ ಅವರು ಒಮ್ಮೆ ಎದೆ ಮುಟ್ಟಿಕೊಂಡರು. ಹಿಂತಿರುಗಿ ನೋಡಿದರು. ಹಿಂದಿನ ದಾರಿಯನ್ನು ಆಗಲೇ ಮುಚ್ಚಿದ್ದರು.

ಸ್ಟೇಡಿಯಂನಲ್ಲಿ ಸಾವಿರಾರು ಜನ. ಮಂಚ, ಕಂಬಳಿ, ನೀರು, ಹಣ್ಣು, ಯಾವುದಕ್ಕೂ ಕೊರತೆಯಿರಲಿಲ್ಲ. ಅಂಕಲ್ ಮಂಚ ಬೇಡವೆಂದು ಹುಡುಕಿಕೊಂಡು ಹೋಗಿ ತಮ್ಮ ಸೀಟಿನಲ್ಲೇ ಕೂತರು. ಪಕ್ಕದ ಸೀಟಿನಲ್ಲಿ ಸ್ಪಂದನಾ. ಎದುರಿಗೆ ಖಾಲಿ ಹಸಿರು ಮೈದಾನ, ಮೇಲೆ ಹೊಗೆ. ಟೀಮು ಅಭ್ಯಾಸಕ್ಕೆ ಅರಿಜೋನಾಗೆ ಹೋಗಿದೆ ಎಂದು ರೇಡಿಯೊ ಹೇಳಿತು.

ನಾನು ತಿಂಡಿ ತಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಓ, ಇವತ್ತು ಸೋಮವಾರ ಅಲ್ವಾ. ಉಪವಾಸಾನಾ ಅಂಕಲ್?"

"ಹೌದವಾ. ಸೋಮವಾರ."

ನಮ್ಮ ಮನೆಗಳಲ್ಲಿ ಉಪವಾಸವಿದ್ದವರನ್ನು ತಿನ್ನಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ನೀರಿನ ಬಾಟಲಿ ಪಕ್ಕದಲ್ಲಿಟ್ಟು ಬಂದೆ.

ಮಂಗಳವಾರವೂ ಅವರು ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಕೂತೇ ಇದ್ದರು. ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ಮುಖ ಬೆವರುತ್ತಿತ್ತು, ಬೆರಳು ನಡುಗುತ್ತಿದ್ದವು. ಸಕ್ಕರೆ ಕಾಯಿಲೆಯ ಮನುಷ್ಯ. ನಾನು ಗಾಬರಿಯಾಗಿ ಗದರುವಷ್ಟರಲ್ಲಿ ಸ್ಪಂದನಾ ಮೆಲ್ಲಗೆ ಹೇಳಿದಳು: "ಅಮ್ಮಾ, ಹೀ ಡಸಂಟ್ ಹ್ಯಾವ್ ಹಿಸ್ ಬಾಕ್ಸ್."

ಆಗ ಅವರು ಎಲ್ಲ ಹೇಳಿದರು. "ಬೆಂಕಿಯೊಳಗ ಬಿಟ್ಟು ಬಂದೆ. ಚೀಲ ನೆನಪಾತು, ಟೊಪ್ಪಿಗಿ ನೆನಪಾತು. ಅದನ್ನ ಬಿಟ್ಟು ನಾ ಹೆಂಗ ತಿನ್ನಲಿ?"

ಲಾಸ್ ಏಂಜಲಿಸ್ ಪಕ್ಕದ ವಾಲ್‌ನಟ್‌ನಲ್ಲಿದ್ದ ಬಸವ್ವ ಆಂಟಿಗೆ, ಅಂದರೆ ಪ್ರೇಮವ್ವ ಆಂಟಿಯ ತಂಗಿಗೆ, ಫೋನು ಮಾಡಿ ಅಂಕಲ್ ಕಿವಿಗೆ ಹಿಡಿದೆ. ಅವರ ದನಿ ನನಗೂ ಕೇಳುವಷ್ಟು ಜೋರು.

"ಮಾಮಾ, ನಲವತ್ತ ವರ್ಷ ಆ ಟೀಮಿನ ಸಲುವಾಗಿ ಉಪಾಸ ಕುಂತದ್ದು ಸಾಕಾಗಿಲ್ಲೇನು? ಅಂಗೈ ನೋಡಿಕೋತ ಪೂಜಿ ಮಾಡ್ರಿ."

"ಅಂಗೈಯಾಗ ಏನೂ ಇಲ್ಲ ಬಸವ್ವಾ."

"ಅಂಗೈ ಅರs ಐತೆಲ್ಲ. ಅದೇನು ಸುಟ್ಟಿಲ್ಲಲ್ಲ. ಮಾಡ್ರಿ, ಮಾಡಿ ಉಣ್ರಿ. ಅಕ್ಕ ಇದ್ದಿದ್ರ ಬೈತಿದ್ಲು."

ಬಾಟಲಿಯ ನೀರಿನಿಂದ ಕೈ ತೊಳೆಸಿದೆ. ಎಡಗೈ ಚಾಚಿ, ಖಾಲಿ ಅಂಗೈಯನ್ನೇ ದಿಟ್ಟಿಸುತ್ತಾ ಅವರು ಬಹಳ ಹೊತ್ತು ಕೂತರು. ಸ್ಪಂದನಾ ತನ್ನ ಕೈಯನ್ನು ಅದರ ಕೆಳಗೆ ಕೊಟ್ಟಳು. ಆಮೇಲೆ ಅರ್ಧ ಬಾಳೆಹಣ್ಣು ತಿಂದರು.

ನಮ್ಮನ್ನು ವಾಪಸು ಬಿಟ್ಟಾಗ ನಮ್ಮ ಮನೆ ನಿಂತಿತ್ತು, ಗೋಡೆ ಮಾತ್ರ ಕಪ್ಪಾಗಿತ್ತು. ಅವರ ಮನೆ ಇರಲಿಲ್ಲ. ಚಿಮಣಿ, ಒಲೆಯ ಅಸ್ಥಿಪಂಜರ, ಬೂದಿ. ಓಂಪ್ರಕಾಶ್ ಮಾಸ್ಕು ಹಾಕಿಕೊಂಡು, ದೇವರ ಗೂಡು ಇದ್ದ ಜಾಗದ ಬೂದಿಯನ್ನು ಜರಡಿ ಹಿಡಿದರು. ಸಿಕ್ಕಿದ್ದು ಒಂದು ಬೆಳ್ಳಿಯ ಮುದ್ದೆ, ನಿಂಬೆಹಣ್ಣಿನ ಗಾತ್ರದ್ದು. ಕರಡಿಗೆ, ಆರತಿಯ ತಟ್ಟೆ, ದೀಪ ಎಲ್ಲ ಕರಗಿ ಒಂದಾಗಿತ್ತು. ಲಿಂಗ ಅದರೊಳಗಿತ್ತೋ, ಬೂದಿಯಾಗಿತ್ತೋ ತಿಳಿಯಲಿಲ್ಲ.

ಆ ಭಾನುವಾರ ಅದೇ ಸ್ಟೇಡಿಯಂನಲ್ಲಿ ಟೀಮು ಆಡಿತು, ಗೆದ್ದಿತು. ನಮ್ಮ ಹಾಲ್‌ನಲ್ಲಿ ಟಿವಿ ಹಚ್ಚಿಟ್ಟಿದ್ದೆ. ಅಂಕಲ್ ಅತ್ತ ನೋಡದೆ ಮುದ್ದೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

ನವೆಂಬರಿನಲ್ಲಿ ಬಸವ್ವ ಆಂಟಿ ಬಂದು ಅವರನ್ನು ವಾಲ್‌ನಟ್‌ಗೆ ಕರೆದೊಯ್ದರು. ಕಾರು ಹತ್ತುವಾಗ ಸ್ಪಂದನಾಗೆ ಹೇಳಿದರು: "ಟೀಮು ಲಾಸ್ ಏಂಜಲಿಸ್‌ಗೆ ಹೋಗತೈತಿ ಅಂತ ಅಂಜಿದ್ದೆ. ನೋಡು, ನಾನs ಮೊದಲು ಹೊಂಟೆ."

ಅಲ್ಲೇ ಹತ್ತಿರದ ಆರ್ಟೀಸಿಯಾದ ಚಿನ್ನದಂಗಡಿಯವನು ಮುದ್ದೆಯನ್ನು ಕೊಯ್ದು ನೋಡೋಣ ಅಂದನಂತೆ. ಅಂಕಲ್ ಒಪ್ಪಲಿಲ್ಲ. "ಕೊಯ್ದ್ರ ಇಲ್ಲಂತ ಗೊತ್ತಾದೀತು. ಹಿಂಗs ಇರ್ಲಿ." ಡಿಸೆಂಬರಿನಲ್ಲಿ ಊರಿನ ಕಡೆಯಿಂದ ಬಂದಿದ್ದ ಸ್ವಾಮಿಗಳೊಬ್ಬರು ಹೊಸ ಲಿಂಗ ಕಟ್ಟಿದರು. ನಾನು ನೋಡಲು ಹೋದಾಗ ಅದನ್ನು ತೋರಿಸಿ, "ಛಲೋ ಐತಿ. ಇನ್ನ ಒಬ್ಬರಿಗೊಬ್ಬರು ಗುರ್ತ ಹತ್ತಿಲ್ಲ" ಅಂದರು. ಬಹಳ ಇಳಿದುಹೋಗಿದ್ದರು. ಪೂಜೆ ಮಾಡುತ್ತಿದ್ದರು, ಊಟ ಮಾತ್ರ ಹಕ್ಕಿಯಷ್ಟು ಎಂದು ಬಸವ್ವ ಆಂಟಿ ಅಡುಗೆಮನೆಯಲ್ಲಿ ನನ್ನ ಹತ್ತಿರ ಕಣ್ಣೊರೆಸಿಕೊಂಡರು.

ಎರಡು ಸಾವಿರದ ಎಂಟರ ಜನವರಿಯಲ್ಲಿ ಟೀಮು ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಬಾಕಿಯಿರುವಾಗ ಮತ್ತೆ ನ್ಯೂ ಇಂಗ್ಲೆಂಡ್ ಕೈಯಲ್ಲೇ ಸೋತಿತು. ಅಂಕಲ್ ಆಸ್ಪತ್ರೆಯಲ್ಲಿದ್ದರು. ಸ್ಪಂದನಾ ಫೋನಿನಲ್ಲಿ ಸ್ಕೋರು ಹೇಳಿದಾಗ, "ಹೌದಾ? ಇರ್ಲಿ, ಬರೂ ವರ್ಷ" ಅಂದರಂತೆ. ಫೆಬ್ರವರಿಯಲ್ಲಿ ಹೋದರು.

ಸ್ಯಾನ್ ಡಿಯಾಗೊಗೆ ತಂದು, ಪ್ರೇಮವ್ವ ಆಂಟಿಯ ಪಕ್ಕದಲ್ಲೇ ಜಾಗ ಮಾಡಿದ್ದೆವು. ಬಸವ್ವ ಆಂಟಿ ಎಡಗೈಯಲ್ಲಿ ಹೊಸ ಲಿಂಗವಿಟ್ಟರು. ಓಂಪ್ರಕಾಶ್ ಬೆಳ್ಳಿಯ ಮುದ್ದೆಯನ್ನು ಕರವಸ್ತ್ರದಲ್ಲಿ ಹಿಡಿದು ನಿಂತಿದ್ದರು.

"ಆಂಟಿ, ಇದು?"

ಅವರು ಕೈ ಚಾಚಿದರು. "ತಾಯಿ ಕಟ್ಟಿದ್ದು ಅದರಾಗ ಇದ್ದರ? ತಾ ಇಲ್ಲೆ" ಅಂದರು.

ಎರಡನ್ನೂ ಅದೇ ಅಂಗೈಯಲ್ಲಿಟ್ಟರು. ಮುದ್ದೆ ದಪ್ಪವಿತ್ತು, ಬೆರಳು ಮುಚ್ಚಿಕೊಳ್ಳಲಿಲ್ಲ. ಬಸವ್ವ ಆಂಟಿ ಇನ್ನೊಮ್ಮೆ ಮಡಿಸಿ ನೋಡಿದರು, ಆಗಲಿಲ್ಲ. ಕಡೆಗೆ ನಾನು ನನ್ನ ಸೆರಗಿನ ಅಂಚು ಹರಿದು ಕೊಟ್ಟೆ. ಅದರಿಂದ ಮುಷ್ಟಿಯನ್ನು ಸುತ್ತಿ ಕಟ್ಟಿದರು.