ಕಮ್ಮಾರನ ಮಗನ ಕಾರು

ಹಳೇ ಇಂಗ್ಲಿಷ್ ಕಾರು ಕೊಂಡಾಗಿನಿಂದ ಗಂಡನ ಬಡಾಯಿ ಕೇಳಿ ಕೇಳಿ ಹೆಂಡತಿಗೆ ಮೈಯೆಲ್ಲ ಉರಿಯುತ್ತದೆ. ಬಾಗಿಲು ಜೋರಾಗಿ ಹಾಕಿದರೆ ಮಕ್ಕಳಿಗೆ ಬೈಗುಳ, ಮೈಲೇಜ್ ಎಷ್ಟು ಎಂದು ಕೇಳಿದವರ ಮೇಲೆ ಹರಿಹಾಯುವುದು. ಕಾರು ತಾನಾಗಿ ಓಡಿದ್ದಕ್ಕಿಂತ ಮನೆಯವರು ತಳ್ಳಿದ್ದೇ ಹೆಚ್ಚು. ಬಂದವರನ್ನೆಲ್ಲ ಬಾನೆಟ್ ಮುಂದೆ ನಿಲ್ಲಿಸಿಕೊಂಡು, "ಈ ಕಂಪನಿ ಕಟ್ಟಿದೋನು ಯಾರು ಗೊತ್ತಾ? ಕಮ್ಮಾರನ ಮಗ! ಅಪ್ಪನ ಕುಲುಮೇಲೇ ಕೆಲಸ ಕಲಿತೋನು. ಪರಂಪರೆ ಅಂದ್ರೆ ಅದು ಸ್ವಾಮಿ!" ಎಂದು ಎದೆಯುಬ್ಬಿಸುತ್ತಾನೆ. ಇವತ್ತು ಬಂದವರು, ನೆಗ್ಗಿದ ಮಡ್‌ಗಾರ್ಡನ್ನು ತಟ್ಟಿ ಸರಿಮಾಡುತ್ತಿದ್ದ ಮುದುಕರು ಯಾರೆಂದು ಕೇಳಿದರು. "ರಿಪೇರಿಯವ್ನು," ಎಂದುಬಿಟ್ಟ. ಕುಲುಮೆಯಲ್ಲೇ ಬೆಂದು ಇವನನ್ನು ಓದಿಸಿದ ಅಪ್ಪನ ಸುತ್ತಿಗೆ ಎತ್ತಿದಲ್ಲೇ ನಿಂತಿತು. ಹೆಂಡತಿ ಕಾಫಿ ತಟ್ಟೆಯನ್ನು ಬಾನೆಟ್ ಮೇಲೆ ದಡ್ಡನೆ ಕುಕ್ಕಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಮಾವಾ, ಮೊದಲು ನೀವು ತಗೊಳ್ಳಿ. ನಿಮ್ಮ ಮಗ ಬೇಕಾದ್ರೆ ಆಮೇಲೆ ಕುಡೀಲಿ."