ಆನೆ ಹಿಂದಕ್ಕೂ ಹೋಗಬಹುದು

ಎಜ್‌ವೇರ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಆರು ತಿಂಗಳು ನಾವು ಊಟ ಮಾಡಲಿಲ್ಲ. ಅಲ್ಲಿ ಎಂಟುನೂರ ನಾಲ್ಕು ಕಾಯಿಗಳು ಕೂತಿದ್ದವು. ತಟ್ಟೆ ಹಿಡಿದು ಸೋಫಾದಲ್ಲಿ ಕೂತು ಸಾರು ಚೆಲ್ಲಿಕೊಂಡಾಗಲೆಲ್ಲ ಆ ಆಟವನ್ನೂ ಅದನ್ನು ಹುಟ್ಟಿಸಿದವರನ್ನೂ ಬಾಯಿಗೆ ಬಂದ ಹಾಗೆ ಬೈದಿದ್ದೇನೆ.

ಆಟ ಹಚ್ಚಿಕೊಂಡವರು ನನ್ನ ಗಂಡ. ಪಾರ್ಕ್ ರಾಯಲ್‌ನ ಗೋದಾಮಿನಿಂದ ಹೋಟೆಲುಗಳಿಗೆ ಅಕ್ಕಿ, ಬೇಳೆ, ಎಣ್ಣೆ ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋದವು; ಅನುಮಾನವಿದ್ದದ್ದು ತಲೆಯ ಬಗ್ಗೆ. ಡಾಕ್ಟರು ಒಪ್ಪುವವರೆಗೆ ವ್ಯಾನು ಮುಟ್ಟುವಂತಿರಲಿಲ್ಲ. ಇವರಿಗೆ ಮೊದಲಿಂದಲೂ ಚೆಸ್ ಹುಚ್ಚು. ಆಸ್ಪತ್ರೆಯಿಂದ ಬಂದ ಮೇಲೆ ನನ್ನಂಥವಳ ಎದುರು ಎರಡು ಸಲ ಸೋತು, ಬೋರ್ಡನ್ನು ಮಡಚಿ ಮಂಚದಡಿಗೆ ತಳ್ಳಿದರು. ಆಮೇಲೆ ಲೈಬ್ರರಿಯ ಪುಸ್ತಕವೊಂದರಲ್ಲಿ ಇದು ಸಿಕ್ಕಿತು: ಜಪಾನಿನ ಹಳೆಯ ದೈತ್ಯ ಚದುರಂಗ. ಮೂವತ್ತಾರಕ್ಕೆ ಮೂವತ್ತಾರು ಮನೆ, ಒಬ್ಬೊಬ್ಬರಿಗೆ ನಾನೂರ ಎರಡು ಕಾಯಿ, ಇನ್ನೂರಕ್ಕೂ ಹೆಚ್ಚು ಬಗೆ, ಒಂದೊಂದಕ್ಕೂ ಅದರದೇ ನಡೆ.

"ಇದನ್ನು ಆಡುವವನಿಗೆ ವ್ಯಾನ್ ಬಿಡ್ಲಿಕ್ಕೆ ಆಗುದಿಲ್ಲ ಅಂತ ಯಾವ ಡಾಕ್ಟ್ರು ಹೇಳ್ತಾರೆ ನೋಡ್ವ," ಅಂದರು.

ಬೆಳಗಿನ ತಿಂಡಿಯ ಸೀರಿಯಲ್ಲಿನ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಕಾಯಿ ಮಾಡಿದರು. ಜಪಾನಿ ಅಕ್ಷರ ನಮಗೆಲ್ಲಿ ಬರಬೇಕು? ಹೆಸರುಗಳನ್ನು ನಾನೇ ಕನ್ನಡದಲ್ಲಿ ಬರೆದೆ. ನಡೆಗಳನ್ನೆಲ್ಲ ನೀಲಿ ಪೆನ್ನಿನಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಅದರಲ್ಲೊಂದು ಕುಡುಕ ಆನೆ. ಎಲ್ಲ ದಿಕ್ಕಿಗೂ ಒಂದು ಮನೆ ನಡೆಯುತ್ತದೆ, ನೇರ ಹಿಂದಕ್ಕೆ ಮಾತ್ರ ಹೋಗುವಂತಿಲ್ಲ.

ಎರಡನೇ ವಾರ ಇವರು ಆನೆಯನ್ನು ನೇರ ಹಿಂದಕ್ಕೆ ಇಟ್ಟರು.

"ಎಂತ ಮಾರಾಯ್ರೆ, ಅದು..." ಅಂದೆ. ಅವರ ಮುಖ ಸಣ್ಣದಾಯಿತು. ಚೆಸ್ ಬೋರ್ಡ್ ಮಡಚಿದ ದಿನವೂ ಹೀಗೇ ಆಗಿತ್ತು. ತಡೆಯಲಾಗದೆ ಮಾತು ತಿರುಗಿಸಿದೆ: "ಅಲ್ಲ, ಹಾಗೂ ಒಂದು ನಿಯಮ ಉಂಟಲ್ಲ!" ಹಾಗೆ ಹೇಳಿದರೆ ನಡೆಯುತ್ತಿತ್ತು ಕೂಡ. ಈ ಆಟದ ಹಳೆಯ ಬರಹಗಳೇ ಎಷ್ಟೋ ಕಾಯಿಗಳ ನಡೆಯಲ್ಲಿ ಒಂದಕ್ಕೊಂದು ಒಪ್ಪುವುದಿಲ್ಲವೆಂದು ಆ ಪುಸ್ತಕದಲ್ಲೇ ಇತ್ತು. ಅವರು ಸ್ನಾನಕ್ಕೆ ಹೋದಾಗ ಕೈಗೆ ಸಿಕ್ಕಿದ ಕಪ್ಪು ಪೆನ್ನಿನಿಂದ 'ಹಿಂದಕ್ಕೂ ಹೋಗಬಹುದು' ಎಂದು ಸೇರಿಸಿದೆ.

ಅಲ್ಲಿಂದ ನನಗೆ ಅದೇ ಕೆಲಸ. ಅವರು ತಪ್ಪಿದಲ್ಲೆಲ್ಲ ಅದೇ ಪೆನ್ನಿನಿಂದ ನಿಯಮ ತಿದ್ದಿದೆ. ಒಂದು ಮಧ್ಯಾಹ್ನ ಟ್ಯೂಬ್ ರೈಲಿನ ಸ್ಟೇಷನ್ನಿನ ಎದುರು ಕೆಂಪು ದೀಪವಿದ್ದಾಗಲೇ ಇವರು ರಸ್ತೆಗಿಳಿದರು. ಕೋಟು ಹಿಡಿದು ಎಳೆದೆ. ಬಸ್ಸು ಮೂಗಿನ ಮುಂದೆಯೇ ಹೋಯಿತು. ಅದನ್ನೂ ಯಾರಿಗೂ ಹೇಳಲಿಲ್ಲ. ಈ ಮನುಷ್ಯ ನಾಳೆ ಸ್ಟೀರಿಂಗ್ ಹಿಡಿದು ಯಾರದೋ ಮಗುವಿನ ಮೇಲೆ ಹತ್ತಿಸಿದರೆ? ಊರಿಗೆಲ್ಲ ಬಾಯಿ ಮಾಡುವವಳು ಇದೊಂದಕ್ಕೆ ಪುಕ್ಕಲಾದೆ.

ಡಾಕ್ಟರ ಹತ್ತಿರ ಹೋಗುವ ದಿನ, ಬೇಡವೆಂದರೂ ಕೇಳದೆ ಇವರು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. ಡಾಕ್ಟರಮ್ಮ ಆಟದ ವಿಷಯ ಕೇಳಿ ಬೆರಗಾದರು. ಇಷ್ಟೆಲ್ಲ ನಡೆಗಳಲ್ಲಿ ಇವರು ತಪ್ಪುವುದಿಲ್ಲವೇ ಎಂದು ನನ್ನನ್ನೇ ಕೇಳಿದರು.

"ಇಲ್ಲ," ಅಂದೆ. ಕಣ್ಣೆತ್ತಿ ಹೇಳಲಾಗಲಿಲ್ಲ.

ಇವರು ನೋಟ್‌ಬುಕ್ ತೆರೆದು ಅವರ ಮುಂದಿಟ್ಟರು. ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದರು: "ನೀಲಿಯಲ್ಲಿರುವುದು ಆಟದ ನಿಯಮ. ಕಪ್ಪಿನಲ್ಲಿರುವುದು ನನ್ನ ತಪ್ಪುಗಳು. ನನ್ನ ಹೆಂಡತಿ ಒಂದನ್ನೂ ಬಿಟ್ಟಿಲ್ಲ."

ಪುಟ ತಿರುಗಿಸಿದಷ್ಟೂ ಕಪ್ಪು. ನನಗೆ ಅಲ್ಲೇ ಅಳು ಒತ್ತರಿಸಿ ಬಂತು. ವ್ಯಾನಿನ ಆಸೆ ಅವತ್ತಿಗೆ ಮುಗಿಯಿತು.

ಬಸ್ಸಿನಲ್ಲಿ ಕೇಳಿದೆ: "ನಿಮಗೆ ಯಾವಾಗ ಗೊತ್ತಾಯ್ತು?"

"ನನಗೆ ಮರೆವು ಮಾರಾಯ್ತಿ, ಕುರುಡಲ್ಲ. ಶಾಯಿಯ ಬಣ್ಣ ಕಾಣುದಿಲ್ವಾ?"

"ಮತ್ತೆ ಇಷ್ಟು ದಿನ ಸುಮ್ಮನಿದ್ರಲ್ಲ!"

"ನನಗೂ ಆ ಸುಳ್ಳು ಬೇಕಿತ್ತು," ಅಂದು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದವರು ಕೋಟು ಬಿಚ್ಚದೆ ಮೇಜಿನೆದುರು ಕೂತರು. ಆನೆಯನ್ನು ಎತ್ತಿ ನೇರ ಹಿಂದಿನ ಮನೆಗೆ ಇಟ್ಟು, ನನ್ನ ಮುಖ ನೋಡಿದರು. ಬೇಕಂತಲೇ ಇಟ್ಟರೋ, ನಿಜಕ್ಕೂ ಮರೆತರೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಅದು ಹಿಂದೆ ಹೋಗ್ಲಿಕ್ಕಿಲ್ಲ," ಅಂದೆ.

ಅವರು ಆನೆಯನ್ನು ಎತ್ತಿ ಮೊದಲಿದ್ದಲ್ಲಿಗೇ ಇಟ್ಟರು.