ಮೊದಲ ಪಗಾರ ಬರುವತನಕ

ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಿಂದ, ನರ್ಸ್ ಕೆಲಸಕ್ಕೆ ಬಂದು ಸೇರಿಕೊಳ್ಳಿ ಎಂದು ಫೋನು ಬಂದಾಗ ನಾನು ಮಾನ್ವಿಯ ಅತ್ತೆಯ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳು. ಅವಳ ಅಪ್ಪ ಪೋತ್ನಾಳದ ಹತ್ತಿರ ಬೈಕಿನಿಂದ ಬಿದ್ದು, ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದ. ಅವನನ್ನು ಉಳಿಸಿಕೊಳ್ಳಲು ಓಡಾಡಿದ ಆ ದಿನಗಳಲ್ಲೇ ನನ್ನ ಮೈಮೇಲಿನ ಬಂಗಾರ, ಮನೆಯ ಎಮ್ಮೆ ಎಲ್ಲ ಹೋಗಿದ್ದವು. ಅತ್ತೆಗೆ ಲಕ್ವಾ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು. ಅವರ ಆರೈಕೆಯೆಲ್ಲ ಮೈದುನನ ಹೆಂಡತಿಯದು. ಅವಳ ತಲೆಗೆ ನನ್ನ ಕೂಸನ್ನೂ ಕಟ್ಟುವುದು ಆಗದ ಮಾತಾಗಿತ್ತು.

ಕೆಲಸದ ಸುದ್ದಿ ಹೇಳಿದಾಗ ಅತ್ತೆ ಓರೆಯಾದ ಬಾಯಲ್ಲೇ "ಹೋಗು" ಎಂದರು. ಮತ್ತೆ ಕೂಸಿನ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದೆ. ಕೈಯಲ್ಲಿದ್ದದ್ದು ಅದರ ಅಡ್ವಾನ್ಸಿಗೇ ಸರಿಹೋಯಿತು. ಅಂಗನವಾಡಿಯವರು ಅಷ್ಟು ಸಣ್ಣ ಕೂಸನ್ನು ದಿನವಿಡೀ ಇಟ್ಟುಕೊಳ್ಳುವುದಿಲ್ಲ. ಎರಡು ಓಣಿ ಆಚೆ ಒಬ್ಬ ಹೆಂಗಸು ತನ್ನ ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುತ್ತಾರೆ ಎಂದು ತಿಳಿದು ಮಗಳನ್ನು ಎತ್ತಿಕೊಂಡು ಹೋದೆ. ಮನೆ ಚೊಕ್ಕವಾಗಿತ್ತು. ಚಾಪೆಯ ಮೇಲೆ ಮಕ್ಕಳು ಮಲಗಿದ್ದವು. ಆಯಾ ಒಬ್ಬಳು ನೊಣ ಓಡಿಸುತ್ತ ಕೂತಿದ್ದಳು. ನನ್ನ ಮಗಳು ಅಲ್ಲಿದ್ದ ಪ್ಲಾಸ್ಟಿಕ್ ಕುದುರೆಯ ಕಿವಿ ಹಿಡಿದವಳು ಬಿಡಲೇ ಇಲ್ಲ.

"ಮೂರು ತಿಂಗಳದ್ದು ಮೊದಲೇ ಕೊಡಬೇಕಾಗ್ತದವ್ವಾ," ಎಂದರು ಆ ಹೆಂಗಸು. "ಡಿಪಾಜಿಟ್ ಬ್ಯಾರೆ. ಹಾಸಿಗಿ, ಹಾಲಿನ ಪುಡಿ ನೀವೇ ತರಬೇಕು."

"ಪಗಾರ ಆದ ದಿನಾನೇ ತಂದು ಕೊಡ್ತೀನ್ರಿ."

"ಹಂಗ ಅಂದವರು ಹೇಳದ ಕೇಳದ ಹೋಗ್ಯಾರ. ನನಗೂ ಮನಿ ಬಾಡಿಗಿ ಅದ, ಆಯಾಗೋಳಿಗೆ ಪಗಾರ ಕೊಡಬೇಕು. ಏನು ಮಾಡ್ಲಿ ಹೇಳ್ರಿ?"

ಅವರು ಕೆಟ್ಟವರಲ್ಲ. ಹೊರಡುವಾಗ ಮಗಳ ಕೈಗೆ ಒಂದು ಬಿಸ್ಕೀಟು ಕೊಟ್ಟು, ಜಾಗ ಖಾಲಿ ಇಟ್ಟಿರುತ್ತೇನೆ ಎಂದೂ ಹೇಳಿದರು. ಆಸ್ಪತ್ರೆಯ ಆಫೀಸಿನಲ್ಲಿ ಕೇಳಿ ನೋಡಿದೆ. ಅಲ್ಲಿದ್ದವನು, "ಅಡ್ವಾನ್ಸ್ ಅಂದ್ರ ಹೆಂಗ್ರೀ ಸಿಸ್ಟರ್? ನೀವು ಇನ್ನಾ ಸೇರೇ ಇಲ್ಲ. ಮೊದಲನೇ ತಿಂಗಳದ್ದು ಹಿಡಿದಿಟ್ಟುಕೊಂಡು ಆಮ್ಯಾಲೆ ಕೊಡ್ತಾರ," ಎಂದ. ಕೆಲಸ ಸಿಕ್ಕರೆ ಕೂಸಿನ ಚಿಂತೆ ಕಳೆಯಿತು ಎಂದುಕೊಂಡಿದ್ದೆ. ಕೆಲಸಕ್ಕೆ ಕಾಲಿಡುವುದಕ್ಕೇ ಮೊದಲು ಕೈಯಲ್ಲಿ ದುಡ್ಡಿರಬೇಕು ಎಂಬುದು ನನಗೆ ತಿಳಿದೇ ಇರಲಿಲ್ಲ.

ನನಗೆ ಉಳಿದದ್ದು ಚಿಗವ್ವ ಒಬ್ಬಳೇ. ನನ್ನ ಅವ್ವನ ತಂಗಿ. ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಊರು ಬಿಟ್ಟ. ಅವಳು ಹಟ್ಟಿಯಲ್ಲಿದ್ದ ಕುರಿಗಳನ್ನೇ ನಂಬಿಕೊಂಡು ಅಲ್ಲೇ ಉಳಿದಳು. ನನ್ನ ಅವ್ವ ಸತ್ತಾಗ ನಾನು ತೀರ ಸಣ್ಣವಳು. ಚಿಗವ್ವ ನನ್ನನ್ನು ಎತ್ತಿಕೊಂಡು ಹೋಗಿ ಸಾಕಿದಳು. ಶಾಲೆಯ ವಯಸ್ಸು ಬಂದಾಗ ಅಪ್ಪ ಬಂದು ಮಾನ್ವಿಯ ಹಾಸ್ಟೆಲಿಗೆ ಸೇರಿಸಿದ. ಈಗ ಅಪ್ಪನೂ ಇಲ್ಲ.

ಮಗಳನ್ನು ಎತ್ತಿಕೊಂಡು, ದೇವದುರ್ಗದಲ್ಲಿ ಬಸ್ಸು ಬದಲಿಸಿ ಗೂಗಲ್ಲಿಗೆ ಹೋದೆ. ಚಿಗವ್ವ ಹೊಳೆಯ ದಂಡೆಯಿಂದ ಕುರಿ ಹೊಡೆದುಕೊಂಡು ಆಗತಾನೆ ಬಂದಿದ್ದಳು. ಎಲ್ಲ ಹೇಳಿದೆ. ರಾಯಚೂರಿಗೇ ಬಂದು ನನ್ನ ಜೊತೆ ಇರು ಎಂದೂ ಕೇಳಿದೆ.

"ಕುರಿ ಯಾರ ಕೈಯಾಗ ಬಿಟ್ಟು ಬರ್ಲಿ? ಮಾರಿ ಬಂದ್ರ ನಾಳಿ ನನಗ ಏನು ಅದ?" ಎಂದಳು. ಆಮೇಲೆ ಮಗಳನ್ನು ನನ್ನ ಕೈಯಿಂದ ಎತ್ತಿಕೊಂಡು, "ಕೂಸಿನ್ನ ನನ್ನತ್ರ ಬಿಡು. ಪಗಾರ ಬಂದ ಮ್ಯಾಲೆ ಕರ್ಕೊಂಡು ಹೋಗುವಂತಿ," ಎಂದಳು.

"ಇನ್ನಾ ಎದಿಹಾಲು ಬಿಟ್ಟಿಲ್ಲ, ಚಿಗವ್ವಾ."

"ನೀ ಎದುರಿಗಿದ್ರ ಹೆಂಗ ಬಿಡ್ತದ? ಮಕ್ಕಂಡಾಗ ಎದ್ದು ಹೋಗು."

ಹಾಗೇ ಮಾಡಿದೆ. ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿದ್ದವಳ ಬಾಯಿ ಹಾಲು ಕುಡಿಯುವ ಹಾಗೆ ಅಲುಗಾಡುತ್ತಿತ್ತು. ಬಸ್ಸು ಹತ್ತಿದ ಮೇಲೂ ಅದೇ ಕಣ್ಣ ಮುಂದೆ.

ಕೆಲಸಕ್ಕೆ ಸೇರಿದ ದಿನ ನನ್ನನ್ನು ಹೆರಿಗೆ ವಾರ್ಡಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಿನ ಹಾಗಾಗಿತ್ತು. ಯಾವುದೋ ಕೂಸು ಅತ್ತಿತು. ನನ್ನ ಯೂನಿಫಾರ್ಮಿನ ಮುಂಭಾಗ ಒದ್ದೆಯಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಹಾಲು ಹಿಂಡಿ ನೀರಿಗೆ ಬಿಟ್ಟೆ. ಹೊರಗೆ ಬಂದಾಗ ಹಿರಿಯ ಸಿಸ್ಟರ್ ನನ್ನ ಮುಖ ನೋಡಿದರು. ತಮ್ಮ ದುಪಟ್ಟಾ ತಂದು ಕೊಟ್ಟರು. ಹಾಲು ಬತ್ತುವವರೆಗೆ ಹೀಗೇ ನಡೆಯಿತು. ಬತ್ತಿದ ದಿನ ನೋವು ಹೋಯಿತಲ್ಲ ಎಂದು ಸಮಾಧಾನಪಡಬೇಕಿತ್ತು. ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ಬ್ಯಾಂಕಿನ ಖಾತೆ, ಕಾಗದಪತ್ರ ಎಂದು ಪಗಾರ ತಡವಾಗುತ್ತಲೇ ಹೋಯಿತು. ರಜೆ ಸಿಕ್ಕಾಗ ಗೂಗಲ್ಲಿಗೆ ಓಡುತ್ತಿದ್ದೆ. ಮೊದಲ ಸಲ ಹೋದಾಗ ಮಗಳು ನನ್ನ ಸೀರೆಯೊಳಗೆ ಮುಖ ಹುದುಗಿಸಿ ಹಾಲಿಗಾಗಿ ಹುಡುಕಿದಳು. ಮುಂದಿನ ಸಲ ಬರೀ ನೋಡಿದಳು. ಆಮೇಲಿನ ಸಲ ಚಿಗವ್ವನ ಬೆನ್ನಹಿಂದೆ ಹೋಗಿ ನಿಂತಳು.

ಅವಳು ಮೊದಲ ಸಲ ನಡೆದ ದಿನ ಚಿಗವ್ವ ಪಕ್ಕದ ಮನೆಯವರ ಫೋನಿನಿಂದ ಕರೆದಳು. "ಯವ್ವಾ, ಕೂಸು ನಡಿಯಾಕತ್ತದ. ಕುರಿಮರಿ ಹಿಂದ ಹೊಂಟದ ನೋಡು," ಎಂದು ನಗುತ್ತಿದ್ದಳು. ಅಷ್ಟು ಬಿಚ್ಚಿ ನಕ್ಕದ್ದನ್ನು ನಾನು ಅವಳಿಂದ ಕೇಳಿಯೇ ಇರಲಿಲ್ಲ. ಪೇಷಂಟಿಗೆ ಸಲೈನ್ ಹಚ್ಚುತ್ತಿದ್ದೆ. ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟೆ.

ಮಗಳು ಚಿಗವ್ವನನ್ನು "ಯವ್ವಾ" ಎಂದು ಕರೆಯಲು ಹತ್ತಿದ್ದಳು. ನಾನಿದ್ದಾಗ ಹಾಗೆ ಕರೆದರೆ ಚಿಗವ್ವನ ಮುಖ ಸಣ್ಣದಾಗುತ್ತಿತ್ತು. "ನಾ ಅಲ್ಲಬೇ. ಅಕಿ ನಿಮ್ಮವ್ವ. ಅಕಿನ್ನ ಕರಿ," ಎಂದು ಮಗಳ ಗದ್ದ ಹಿಡಿದು ನನ್ನ ಕಡೆ ತಿರುಗಿಸುತ್ತಿದ್ದಳು. ಮಗಳು ತಿರುಗಿ ನನ್ನನ್ನು ನೋಡಿ, ಮತ್ತೆ ಅವಳನ್ನೇ "ಯವ್ವಾ" ಎನ್ನುತ್ತಿದ್ದಳು.

ಕೊನೆಗೆ ಪಗಾರ ಬಂತು. ಅವತ್ತೇ ಬೇಬಿ ಸಿಟ್ಟಿಂಗಿಗೆ ಹೋಗಿ ಮುಂಗಡ ಕಟ್ಟಿ, ಹಾಸಿಗೆ, ಹಾಲಿನ ಪುಡಿಯ ಡಬ್ಬಿ ತಂದಿಟ್ಟು, ಮರುದಿನ ಗೂಗಲ್ಲಿಗೆ ಹೋದೆ. ಚಿಗವ್ವ ಕೂಸಿಗೆ ಎರೆದು, ಕಾಡಿಗೆ ಹಚ್ಚಿ, ಹೊಸ ಅಂಗಿ ತೊಡಿಸಿ ಕೂತಿದ್ದಳು. ಕುರಿಗಳು ಹಟ್ಟಿಯಲ್ಲೇ ಒದರುತ್ತಿದ್ದವು. ಅವತ್ತು ಅವನ್ನು ಹೊರಗೆ ಬಿಟ್ಟಿರಲಿಲ್ಲ.

"ಅನ್ನ ಮೆತ್ತಗ ಹಿಸುಕಬೇಕು. ಖಾರ ತಿನ್ನಂಗಿಲ್ಲ," ಎಂದಳು. "ಮಕ್ಕೊಳ್ಳುವಾಗ ಕಿವಿ ತಿಕ್ಕಬೇಕು. ಇಲ್ಲಂದ್ರ ನಿದ್ದಿ ಹತ್ತಂಗಿಲ್ಲ."

"ಬಸ್ಸಿನತನಕ ಬಾ, ಚಿಗವ್ವಾ."

"ನಾ ಬರಂಗಿಲ್ಲ. ಬಂದ್ರ ಕೂಸು ಬಸ್ಸ ಹತ್ತಂಗಿಲ್ಲ."

ಮಗಳನ್ನು ನನ್ನ ಕೈಗೆ ಕೊಟ್ಟು ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕೂಸು ನನ್ನ ತೆಕ್ಕೆಯಿಂದ ಹಿಂದಕ್ಕೆ ಬಾಗಿ, ಎರಡೂ ಕೈ ಚಾಚಿ, ಮೈಯೆಲ್ಲ ಬಿಲ್ಲಿನಂತೆ ಮಾಡಿ ಚೀರಿತು. ಆ ಚೀರಾಟದ ತುಂಬ "ಯವ್ವಾ" ಎಂಬ ಒಂದೇ ಮಾತಿತ್ತು. ಬಸ್ಸಿನಲ್ಲಿ ಒಬ್ಬ ಮುದುಕ, "ಯಾರ ಕೂಸವ್ವಾ ಇದು? ಅದರ ತಾಯಿ ಎಲ್ಲ್ಯದಾಳ?" ಎಂದು ಕೇಳಿದ. ನಾನೇ ಎಂದೆ. ದೇವದುರ್ಗ ಬರುವ ಹೊತ್ತಿಗೆ ಮಗಳು ಅತ್ತು ಅತ್ತು ಸೋತು ಮಲಗಿದಳು. ನಾನು ಅವಳ ಕಿವಿ ತಿಕ್ಕುತ್ತ ಕೂತೆ.

ಬೇಬಿ ಸಿಟ್ಟಿಂಗಿನಲ್ಲಿ ಮೊದಲ ವಾರಗಳು ಕಷ್ಟವಾದವು. ಉಣ್ಣಲಿಲ್ಲ, ಜ್ವರ ಬಂತು. ಬರಬರುತ್ತ ಆಯಾಗೆ ಹೊಂದಿಕೊಂಡಳು, ನನಗೂ ಹೊಂದಿಕೊಂಡಳು. ಚಿಗವ್ವನಿಗೆ ಫೋನು ಮಾಡಿ, ಮಾತಾಡು, ಕೂಸಿಗೆ ಕೊಡುತ್ತೇನೆ ಎಂದರೆ, "ಬ್ಯಾಡ. ನನ್ನ ದನಿ ಕೇಳಿದ್ರ ಮತ್ತ ನೆನಸ್ತದ," ಎನ್ನುತ್ತಿದ್ದಳು. ಹಬ್ಬಕ್ಕೆ ಬರುತ್ತೇವೆ ಎಂದರೂ, ಇನ್ನೂ ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದಳು. ಕೂಸನ್ನು ಯಾವ ಓಣಿಯಲ್ಲಿ, ಯಾವ ಮನೆಯಲ್ಲಿ ಬಿಡುತ್ತೇನೆ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಂಡಿದ್ದಳು.

ಒಂದು ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದಾಗ ಆಯಾ ಹೇಳಿದಳು, "ನಿಮ್ಮ ಊರಿನ ಕಡಿ ಹೆಣ್ಮಗಳು ಯಾರೋ ಬಂದಿದ್ರು ನೋಡ್ರಿ. ಹೆಗಲ ಮ್ಯಾಲೆ ಕಂಬಳಿ ಇತ್ತು. ಗೇಟಿನ ಹೊರಗ ನಿಂತಿದ್ರು. ಒಳಗ ಬರ್ರಿ ಅಂದೆ, ಬರಲಿಲ್ಲ. ಕಿಟಕಿಯಿಂದ ಕೂಸು ಮಕ್ಕಂಡಿದ್ದು ನೋಡಿದ್ರು. ಉಣ್ತದೇನವ್ವಾ ಅಂತ ಕೇಳಿದ್ರು. ಛಲೋ ಉಣ್ತದ ಅಂದೆ. ಇದನ್ನ ಕೊಟ್ಟು ಹೋದ್ರು." ಗಂಟು ಬಿಚ್ಚಿದೆ. ಶೇಂಗಾದ ಉಂಡಿಗಳಿದ್ದವು, ಕೂಸಿನ ಬಾಯಿಗೆ ಹಿಡಿಸುವಷ್ಟು ಸಣ್ಣವು. ಮಗಳನ್ನು ಎತ್ತಿಕೊಂಡು ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ದೇವದುರ್ಗದ ಬಸ್ಸು ಹೋಗಿಬಿಟ್ಟಿತ್ತು. ಅಷ್ಟು ದೂರ ಬಂದವಳು ನನ್ನ ಆಸ್ಪತ್ರೆಯ ಕಡೆಗೂ ಸುಳಿದಿರಲಿಲ್ಲ.

ಚಿಗವ್ವ ಬಾ ಎಂದು ಒಪ್ಪುವ ಹೊತ್ತಿಗೆ ಮಗಳಿಗೆ ಮೂರು ವರ್ಷವಾಗಿತ್ತು. ಗೂಗಲ್ಲಿನ ಮನೆಯ ಮುಂದೆ ನನ್ನ ಸೊಂಟದಿಂದ ಇಳಿದವಳೇ ಕುರಿಮರಿ ಕಂಡು ಓಡಿದಳು. ಚಿಗವ್ವ ಹೊಸ್ತಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಕೈ ಚಾಚಲಿಲ್ಲ, ಕರೆಯಲೂ ಇಲ್ಲ. ಮಗಳು ತಿರುಗಿ ಬಂದು ನನ್ನ ಸೆರಗು ಹಿಡಿದು ಕೇಳಿದಳು, "ಯವ್ವಾ, ಈ ಅಜ್ಜಿ ಯಾರು?"

ಚಿಗವ್ವನೇ ಬಗ್ಗಿ ಅವಳ ಮುಖ ನೋಡಿ, "ನಾನು ನಿಮ್ಮವ್ವನ ಚಿಗವ್ವ," ಎಂದಳು. ಆಮೇಲೆ ನನ್ನ ಕಡೆ ನೋಡಿ, "ಉದ್ದ ಆಗ್ಯಾಳ," ಎಂದಳು. ರೊಟ್ಟಿ ಬಡಿಯುತ್ತೇನೆ, ಕೈಕಾಲು ತೊಳೆದುಕೊಳ್ಳಿ ಎಂದು ಒಳಗೆ ಹೋದಳು. ಬಹಳ ಹೊತ್ತಾದರೂ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಲಿಲ್ಲ. ನಾನು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ಮಗಳ ಕಾಲಿಗೆ ನೀರು ಹಾಕುತ್ತಿದ್ದೆ.